ಮುಗಿಯದ ಗೇಮಿನ ಬಗ್ಗೆ ಮಾತಾಡುವುದು ಹೇಗೆ?

“ಈಗ ಯಾವ ಗೇಮ್ ಆಡ್ತಿದ್ದೀಯ? ಹೇಗಿದೆ?” ಎಂದು ಗೆಳೆಯರು ಕೇಳಿದಾಗ ಹೆಚ್ಚಿನವರ ಬಾಯಿಂದ ಬರುವುದು ಎರಡೇ ಉತ್ತರ. “ಸಕತ್ತಾಗಿದೆ ಮಗಾ, ಆಡು.” ಇಲ್ಲವೇ, “ಡಬ್ಬಾ ಗೇಮು, ದುಡ್ಡು ದಂಡ.” ಕೇಳಿದವರಿಗೆ ಇದರಿಂದ ಏನೂ ದಕ್ಕುವುದಿಲ್ಲ. ಹೊಸದಾಗಿ ಬಂದ ದೊಡ್ಡ ಗೇಮಿಗೆ ಇವತ್ತು ಮೂರರಿಂದ ಐದು ಸಾವಿರ ರೂಪಾಯಿ ತೆರಬೇಕು. ರೆಡ್ ಡೆಡ್ ರಿಡೆಂಪ್ಷನ್ 2 ಪಿಸಿಯಲ್ಲಿ ಬೇಡುವ ಜಾಗವೇ 150 ಜಿಬಿ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಆಡುವ ಹುಡುಗರಿಗೆ ಅಷ್ಟನ್ನು ಇಳಿಸಿಕೊಳ್ಳುವುದೇ ಎಷ್ಟೋ ದಿನದ ಕೆಲಸ. ಅಷ್ಟು ದುಡ್ಡು, ಡೇಟಾ, ಸಮಯ ಹಾಕುವ ಮುಂಚೆ ಅವರು ನಿಮ್ಮನ್ನು ನಂಬಿ ಕೇಳುತ್ತಿದ್ದಾರೆ. ಆ ನಂಬಿಕೆಗೆ ತಕ್ಕ ಉತ್ತರ ಕೊಡಬೇಕು ಅನ್ನುವುದು ನನ್ನ ಆಸೆ.

ಗೇಮ್ ಪೂರ್ತಿ ಮುಗಿಸದೆ ಅಭಿಪ್ರಾಯ ಹೇಳಲೇಬಾರದು ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರವತ್ತು, ಎಂಬತ್ತು ಗಂಟೆ ಆಡಿ ಮುಗಿಸಿದವರಿಗೆ ಮೊದಲ ಐದು ಗಂಟೆಯ ಪರದಾಟ ಮರೆತೇ ಹೋಗಿರುತ್ತದೆ. ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂದು ತಡಕಾಡಿದ್ದು, ಮೆನುವಿನ ಅಕ್ಷರ ಕಾಣದೆ ಟಿವಿ ಹತ್ತಿರ ಹೋಗಿ ಕೂತಿದ್ದು, ಮ್ಯಾಪ್ ಅರ್ಥವಾಗದೆ ಅದೇ ಕಣಿವೆಯಲ್ಲಿ ಸುತ್ತಿದ್ದು ಯಾವುದೂ ನೆನಪಿನಲ್ಲಿ ಉಳಿದಿರುವುದಿಲ್ಲ. ಕ್ಲೈಮ್ಯಾಕ್ಸ್ ಚೆನ್ನಾಗಿದ್ದರಂತೂ ನಡುವಿನ ಬೇಸರವೆಲ್ಲ ಮಾಫಿ. ಹೊಸದಾಗಿ ಶುರು ಮಾಡುವವರಿಗೆ ಬೇಕಾಗಿರುವುದು ಹೀಗೆ ಮರೆತುಹೋಗುವ ವಿವರಗಳೇ. ಅವು ಈಗ ಆಡುತ್ತಿರುವವರ ಹತ್ತಿರ ಮಾತ್ರ ಇರುತ್ತವೆ. ಹಾಗಾಗಿ ಅರ್ಧದಲ್ಲಿರುವಾಗಲೇ ಧಾರಾಳವಾಗಿ ಮಾತಾಡಿ. ಎಲ್ಲಿ ನಿಂತು ಮಾತಾಡುತ್ತಿದ್ದೀರಿ ಎಂಬುದನ್ನು ಮಾತ್ರ ತಪ್ಪದೆ ಹೇಳಿ.

ಮೊದಲು ನಿಂತ ಜಾಗ ಹೇಳಿ

ಎಷ್ಟು ಗಂಟೆ ಆಡಿದ್ದೀರಿ, ಕಥೆಯಲ್ಲಿ ಎಲ್ಲಿಗೆ ಬಂದಿದ್ದೀರಿ, ಯಾವ ಮೆಷಿನ್, ಯಾವ ಡಿಫಿಕಲ್ಟಿ, ಕಂಟ್ರೋಲರೋ ಕೀಬೋರ್ಡೋ: ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಇಷ್ಟು ವಿಷಯ ಮುಂದಿನ ಎಲ್ಲ ಮಾತಿಗೂ ಬುನಾದಿ. “ಹಳೇ ಪಿಎಸ್4ನಲ್ಲಿ ಆಡ್ತಿದೀನಿ, ನಾರ್ಮಲ್ ಮೋಡು, ಎರಡನೇ ಚಾಪ್ಟರ್ ಈಗಷ್ಟೇ ಶುರುವಾಗಿದೆ” ಎಂದರೆ ಕೇಳಿದವರು ತಮ್ಮ ಪರಿಸ್ಥಿತಿಗೆ ಅದನ್ನು ಹೊಂದಿಸಿಕೊಳ್ಳುತ್ತಾರೆ. ಅವರ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ನಿಮ್ಮ “ಸ್ಮೂತಾಗಿ ಓಡತ್ತೆ” ಅವರಿಗೆ ಅನ್ವಯಿಸುವುದಿಲ್ಲ ಎಂದು ಅವರಿಗೇ ಗೊತ್ತಾಗುತ್ತದೆ.

ರೆಡ್ ಡೆಡ್ ರಿಡೆಂಪ್ಷನ್ 2 ಇದಕ್ಕೆ ಒಳ್ಳೆಯ ಉದಾಹರಣೆ. 2018ರಲ್ಲಿ ಬಂದ ಈ ಗೇಮ್ ಶುರುವಾಗುವುದು ಹಿಮ ಸುರಿಯುವ ಬೆಟ್ಟದ ಮೇಲೆ. ಮೊಣಕಾಲುದ್ದದ ಹಿಮದಲ್ಲಿ ಕಥಾನಾಯಕ ಆರ್ಥರ್ ಮಾರ್ಗನ್ ನಿಧಾನವಾಗಿ ಕಾಲೆಳೆಯುತ್ತಾನೆ, ಕುದುರೆ ನಿಧಾನವಾಗಿ ನಡೆಯುತ್ತದೆ, ನಿಮಗೆ ಬೇಕಾದ ಕಡೆ ಹೋಗಲು ಬಿಡುವುದಿಲ್ಲ. ಒಂದೆರಡು ಗಂಟೆ ಇದೇ ಆದಮೇಲೆ ಬೆಟ್ಟ ಇಳಿದು ಎರಡನೇ ಚಾಪ್ಟರಿಗೆ ಬರುತ್ತೀರಿ. ಹುಲ್ಲುಗಾವಲು, ನದಿ, ಪಟ್ಟಣ ಎಲ್ಲ ತೆರೆದುಕೊಳ್ಳುತ್ತವೆ. ಸ್ಟೀಮ್‌ನಲ್ಲಿ ಗೇಮ್ ಇಷ್ಟವಾಗದಿದ್ದರೆ ಕೊಂಡ 14 ದಿನದೊಳಗೆ, ಅದೂ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಆದರೆ ಇಲ್ಲಿ ಆ ಎರಡು ಗಂಟೆ ಮುಗಿಯುವ ಹೊತ್ತಿಗೂ ಅನೇಕರು ಇನ್ನೂ ಹಿಮದಲ್ಲೇ ಇರುತ್ತಾರೆ. ಈ ಗೇಮ್ ಬಗ್ಗೆ ಗೆಳೆಯರಿಗೆ ಹೇಳುವವರು “ಮೊದಲ ಚಾಪ್ಟರ್ ನೋಡಿ ನಿರ್ಧಾರ ಮಾಡಬೇಡ” ಎಂಬ ಒಂದು ಮಾತು ಸೇರಿಸಿದರೆ ಅದು ಇಡೀ ವಿಮರ್ಶೆಗಿಂತ ಉಪಕಾರಿ. ಹಾಗೆಯೇ “ಬೆಟ್ಟ ಇಳಿದ ಮೇಲೂ ಗೇಮಿನ ನಡಿಗೆ ನಿಧಾನವೇ, ತಾಳ್ಮೆ ಬೇಕು” ಎಂಬುದನ್ನೂ ಮುಚ್ಚಿಡಬೇಡಿ.

ಗಂಟೆಯ ಲೆಕ್ಕ ಎಲ್ಲ ಕಡೆಗೂ ಸರಿಹೋಗುವುದಿಲ್ಲ. ವೆನ್ಬಾ ಥರದ ಗೇಮು ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಎಲ್ಡನ್ ರಿಂಗ್‌ನಲ್ಲಿ ಹತ್ತು ಗಂಟೆ ಕಳೆದವರು ಇನ್ನೂ ಮೊದಲ ಕೋಟೆಯ ಬಾಗಿಲಲ್ಲೇ ಇರಬಹುದು. ಅಂಥ ಕಡೆ ಗಂಟೆಯ ಜೊತೆಗೆ ಜಾಗವನ್ನೂ ಹೇಳಿ. “ಲಿಮ್‌ಗ್ರೇವ್ ಸುತ್ತಿ ಆಗಿದೆ, ಕೋಟೆ ಒಳಗೆ ಇನ್ನೂ ಹೋಗಿಲ್ಲ” ಎಂದರೆ ಆಡಿದವರಿಗೆ ತಕ್ಷಣ ಅರ್ಥವಾಗುತ್ತದೆ, ಆಡದವರಿಗೆ ಕಥೆಯೇನೂ ಒಡೆಯುವುದಿಲ್ಲ.

ಕೈಗೆ ಏನಾಯಿತು?

ಗೇಮ್ ಬಗ್ಗೆ ಮಾತಾಡುವಾಗ ನಾವು ಸಿನಿಮಾದ ಮಾತನ್ನೇ ಆಡುತ್ತೇವೆ: ಗ್ರಾಫಿಕ್ಸ್ ಸೂಪರ್, ಮ್ಯೂಸಿಕ್ ಸೂಪರ್, ಸ್ಟೋರಿ ಪರವಾಗಿಲ್ಲ. ಇವು ಬೇಕು, ಆದರೆ ಗ್ರಾಫಿಕ್ಸ್ ಯೂಟ್ಯೂಬಿನಲ್ಲೂ ಕಾಣುತ್ತದೆ. ಯೂಟ್ಯೂಬಿನಲ್ಲಿ ಕಾಣದ್ದು ಒಂದೇ, ಆಡುವಾಗ ನಿಮ್ಮ ಕೈಬೆರಳಿಗೆ, ತಲೆಗೆ ಏನಾಯಿತು ಎಂಬುದು. ಅದನ್ನು ಹೇಳಿ.

ಎಲ್ಡನ್ ರಿಂಗ್‌ನ ಮಾರ್ಗಿಟ್‌ನನ್ನೇ ತೆಗೆದುಕೊಳ್ಳೋಣ. 2022ರ ಫೆಬ್ರುವರಿಯಲ್ಲಿ ಬಂದ ಈ ಗೇಮಿನಲ್ಲಿ ಸ್ಟಾರ್ಮ್‌ವೇಲ್ ಕೋಟೆಗೆ ಹೋಗುವ ದಾರಿಗೆ ಅಡ್ಡ ನಿಲ್ಲುವ ಬಾಸ್ ಅವನು. ದೊಣ್ಣೆಯನ್ನು ತಲೆಯ ಮೇಲೆತ್ತುತ್ತಾನೆ. ಬೇರೆ ಗೇಮ್ ಆಡಿ ಬಂದ ಅಭ್ಯಾಸಕ್ಕೆ ಬೆರಳು ತಾನಾಗಿ ರೋಲ್ ಬಟನ್ ಒತ್ತುತ್ತದೆ. ಆದರೆ ದೊಣ್ಣೆ ಕೆಳಗಿಳಿಯುವುದಿಲ್ಲ. ಎತ್ತಿದ್ದು ಎತ್ತಿದಂತೆಯೇ ಒಂದು ಗಳಿಗೆ ನಿಲ್ಲುತ್ತದೆ. ನೀವು ಉರುಳಿ ಎದ್ದು ನಿಲ್ಲುವುದಕ್ಕೂ ಅದು ಬೀಳುವುದಕ್ಕೂ ಸರಿಯಾಗುತ್ತದೆ. ಗಾಬರಿಯಲ್ಲಿ ಫ್ಲಾಸ್ಕ್ ಕುಡಿದು ಜೀವ ತುಂಬಿಸಿಕೊಳ್ಳೋಣವೆಂದರೆ ಹೊಳೆಯುವ ಚಾಕು ಹಾರಿ ಬರುತ್ತದೆ. ಮೊದಲ ಸಂಜೆ ಆಡಿದವರು “ಇದು ಮೋಸ” ಎಂದು ಕಂಟ್ರೋಲರ್ ಕೆಳಗಿಡುತ್ತಾರೆ. ಕೆಲವು ದಿನದ ನಂತರ ಅದೇ ಜನ, ದೊಣ್ಣೆ ಎತ್ತಿದಾಗ ಉರುಳದೆ ಕಾಯುವುದನ್ನು ಬೆರಳಿಗೆ ಕಲಿಸಿರುತ್ತಾರೆ. ಅಷ್ಟರಲ್ಲಿ ಇನ್ನೊಂದು ವಿಷಯವೂ ಗೊತ್ತಾಗಿರುತ್ತದೆ: ಅವನನ್ನು ಈಗಲೇ ಸೋಲಿಸಬೇಕೆಂಬ ಕಡ್ಡಾಯವೇ ಇಲ್ಲ. ಬೇರೆ ದಿಕ್ಕಿಗೆ ಹೋಗಿ ಬಲ ಹೆಚ್ಚಿಸಿಕೊಂಡು ಬರಬಹುದು. ಗೇಮಿನ ಶುರುವಿನಲ್ಲಿ ಹೊರಗೆ ಕಾಲಿಟ್ಟ ಕೂಡಲೇ ಕಾಣುವ, ಚಿನ್ನದ ಕವಚ ತೊಟ್ಟ ಕುದುರೆ ಸವಾರ ಕೂಡ ಇದೇ ಪಾಠವನ್ನು ಹೊಡೆದೇ ಹೇಳುತ್ತಾನೆ.

ಮೊದಲ ಸಂಜೆಯ ಅಭಿಪ್ರಾಯ ಸುಳ್ಳೇನಲ್ಲ. ಆ ಸಿಟ್ಟು ನಿಜ, ಈ ಗೇಮ್ ಕೊಳ್ಳುವ ಪ್ರತಿಯೊಬ್ಬರಿಗೂ ಅದು ಎದುರಾಗುತ್ತದೆ, ಹಾಗಾಗಿ ಅವರಿಗೆ ತಿಳಿದಿರಬೇಕು. ನಾನು ಗೆಳೆಯರಿಗೆ ಹೇಳುವ ಒಂದು ಪರೀಕ್ಷೆ ಇದೆ. ಸತ್ತಾಗ ಯಾಕೆ ಸತ್ತೆ ಎಂದು ನಿಮಗೆ ಗೊತ್ತಾಯಿತೇ? ಗೊತ್ತಾಗಿದ್ದರೆ “ಕಷ್ಟ ಇದೆ, ಆದರೆ ಕಲಿಯಬಹುದು” ಎನ್ನಿ. ಗೊತ್ತೇ ಆಗದಿದ್ದರೆ, ಕ್ಯಾಮೆರಾ ಗೋಡೆಗೆ ಸಿಕ್ಕಿಕೊಂಡು ಬಾಸ್ ಕಾಣಲಿಲ್ಲವೋ, ಒತ್ತಿದ ಬಟನ್ ತಡವಾಗಿ ಕೆಲಸ ಮಾಡಿತೋ ಎಂದು ಬಿಡಿಸಿ ಹೇಳಿ. ಕಷ್ಟ ಮತ್ತು ಅನ್ಯಾಯ ಬೇರೆ ಬೇರೆ. ಈ ಎರಡನ್ನೂ “ಟಫ್” ಎಂಬ ಒಂದೇ ಪದದಲ್ಲಿ ಸುತ್ತಿಟ್ಟರೆ ಕೇಳಿದವರಿಗೆ ದಾರಿ ತಪ್ಪುತ್ತದೆ.

ಕೈಯ ಮಾತು ಹೇಳುವಾಗ ಎಲ್ಲರ ಕೈ ಒಂದೇ ಅಲ್ಲ ಎಂಬುದು ನೆನಪಿರಲಿ. 2018ರ ಸೆಲೆಸ್ಟ್ ಬೆರಳ ತುದಿಯ ಚುರುಕನ್ನು ಬೇಡುವ ಗೇಮು. ಆದರೆ ಅದರಲ್ಲಿ ಅಸಿಸ್ಟ್ ಮೋಡ್ ಇದೆ: ಗೇಮಿನ ವೇಗ ಕಡಿಮೆ ಮಾಡಿಕೊಳ್ಳಬಹುದು, ಸುಸ್ತಾಗದೆ ಗೋಡೆ ಹತ್ತಬಹುದು, ಸಾಯದಂತೆಯೂ ಇಟ್ಟುಕೊಳ್ಳಬಹುದು. ಕೈನೋವಿರುವ ಗೆಳತಿ ಕೇಳಿದರೆ ನೀವು ಮೊದಲು ಹೇಳಬೇಕಾದ ಸುದ್ದಿ ಇದು. ಸಬ್‌ಟೈಟಲ್ ದೊಡ್ಡದು ಮಾಡಲು ಬರುತ್ತದೆಯೇ, ಬಣ್ಣ ಗುರುತಿಸಲು ತೊಂದರೆ ಇರುವವರಿಗೆ ಸೆಟ್ಟಿಂಗ್ ಇದೆಯೇ, ಬಟನ್ ಬದಲಾಯಿಸಿಕೊಳ್ಳಬಹುದೇ ಎಂದು ಸೆಟ್ಟಿಂಗ್ಸ್ ಒಳಗೆ ಒಂದು ಸಲ ಹೋಗಿ ನೋಡಿಟ್ಟುಕೊಳ್ಳಿ.

ನಮ್ಮಲ್ಲಿ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕು: ಓದುವುದು ಎಷ್ಟಿದೆ? ಡಿಸ್ಕೋ ಎಲಿಸಿಯಂ ನನಗೆ ತುಂಬ ಇಷ್ಟದ ಗೇಮು, ಆದರೆ ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಗ್ಲಿಷ್ ಪದಗಳಿವೆ, ಅದೂ ಸುತ್ತು ಬಳಸಿನ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ಮಾಡುತ್ತಿರುವ ಹುಡುಗಿ ಕೇಳಿದರೆ “ಸೂಪರ್ ಕಥೆ” ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. ಆಡುವುದೆಲ್ಲ ಓದುವುದೇ, ಡಿಕ್ಷನರಿ ಪಕ್ಕದಲ್ಲಿರಬೇಕಾಗಬಹುದು ಎಂದು ತಿಳಿಸಿ. ಹಾಗೆ ತಿಳಿದೂ ಆಡುತ್ತೇನೆಂದರೆ ಸಂತೋಷ. ಎಷ್ಟೋ ಹುಡುಗರು ಇಂಗ್ಲಿಷ್ ಕಲಿತದ್ದೇ ಗೇಮುಗಳಿಂದ.

ಇಡ್ಲಿ ತಟ್ಟೆ ಗೊತ್ತಿದ್ದವರಿಗೆ

ವೆನ್ಬಾ 2023ರಲ್ಲಿ ಬಂದ ಪುಟ್ಟ ಗೇಮು. ಮಾಡಿದವರು ಕೆನಡಾದ ಟೊರಾಂಟೋದ ವಿಸೈ ಗೇಮ್ಸ್. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ ವೆನ್ಬಾ ಮತ್ತು ಪಾವಲನ್, ಅವರ ಮಗ ಕವಿನ್, ಇವರ ಕಥೆ. ಅಮ್ಮನಿಂದ ಬಂದ ಅಡುಗೆ ಪುಸ್ತಕದ ಹಾಳೆ ಹರಿದಿದೆ, ಕಲೆಯಾಗಿದೆ, ಅಲ್ಲಲ್ಲಿ ಸಾಲುಗಳು ಅಳಿಸಿವೆ. ಉಳಿದ ಸುಳಿವು ಹಿಡಿದು ಅಡುಗೆ ಮಾಡುವುದೇ ಆಟ. ಮೊದಲ ಸವಾಲು ಇಡ್ಲಿ. ಪಾತ್ರೆಗೆ ನೀರು, ತಟ್ಟೆಗೆ ಹಿಟ್ಟು, ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಿದರೆ ಆವಿ ಎಲ್ಲ ಕಡೆಗೂ ಏರುತ್ತದೆ ಎಂದು ಯೋಚಿಸಬೇಕು.

ಮೈಸೂರಿನ ಹುಡುಗನಿಗೆ ಇದು ಪಜಲ್ ಅನ್ನಿಸುವುದೇ ಇಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನೋ ಅಪ್ಪನೋ ಇಡ್ಲಿ ಸ್ಟ್ಯಾಂಡ್ ಜೋಡಿಸುವುದನ್ನು ನೋಡಿಯೇ ಬೆಳೆದವನು. “ತುಂಬಾ ಈಸಿ” ಎನ್ನುತ್ತಾನೆ. ಇಡ್ಲಿಯನ್ನೇ ಕಾಣದ ಟೊರಾಂಟೋದ ಆಟಗಾರ ಅದೇ ತಟ್ಟೆಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. ಇಬ್ಬರ ಮಾತೂ ನಿಜ. ಹಾಗಾಗಿ “ಈಸಿ” ಎನ್ನುವ ಮೊದಲು ಯಾಕೆ ಈಸಿಯಾಯಿತು ಎಂದು ಹೇಳಿ. ಅದೇ ರೀತಿ ಕ್ರಿಕೆಟ್ ಗೇಮಿನ ಫೀಲ್ಡಿಂಗ್ ನಮಗೆ ಸಲೀಸು, ಅಮೆರಿಕನ್ ಫುಟ್‌ಬಾಲಿನ ಮ್ಯಾಡನ್ ಹಾಕಿ ಕೂತರೆ ನಿಯಮವೇ ತಿಳಿಯುವುದಿಲ್ಲ. ಮ್ಯಾಡನ್ ಕೆಟ್ಟ ಗೇಮಾಗಿರಬೇಕೆಂದೇನೂ ಇಲ್ಲ, ಆ ಆಟ ನಮಗೆ ಹೊಸದು ಅಷ್ಟೇ.

ಇದಕ್ಕೆ ಇನ್ನೊಂದು ಮುಖವಿದೆ, ಅದು ಅಭಿಮಾನ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್ ಆಡುವಾಗ ನಮಗೆ ಆಗುವ ಖುಷಿ ಬೇರೆಯವರಿಗೆ ಆಗಲಿಕ್ಕಿಲ್ಲ. ರಾಜಿ ತನ್ನ ತಮ್ಮ ಗೋಲುವನ್ನು ಹುಡುಕಿಕೊಂಡು ಹೊರಡುತ್ತಾಳೆ, ದುರ್ಗೆ ಮತ್ತು ವಿಷ್ಣು ಅವಳ ಕಥೆ ಹೇಳುತ್ತಾ ಹೋಗುತ್ತಾರೆ, ಗೋಡೆಯ ಚಿತ್ರಗಳಲ್ಲಿ ಮಹಿಷಾಸುರನ ಕಥೆ ಬರುತ್ತದೆ. ಚಾಮುಂಡಿ ಬೆಟ್ಟ ಹತ್ತಿದವರಿಗೆ ಆ ಗೋಡೆಗಳ ಮುಂದೆ ಯಾರೂ ಅರ್ಥ ಹೇಳಬೇಕಿಲ್ಲ. ತೊಗಲುಗೊಂಬೆಯ ಧಾಟಿಯ ದೃಶ್ಯಗಳು ಬಂದಾಗ ನನ್ನ ಕಣ್ಣು ಅರಳಿದ್ದು ನಿಜ. ಈ ಖುಷಿಯನ್ನು ಪೂರ್ತಿಯಾಗಿ ಹೇಳಿ, ನಾಚಿಕೆ ಬೇಡ. ಆಮೇಲೆ ಬೇರೆಯಾಗಿ ಇದನ್ನೂ ಹೇಳಿ: ಕ್ಯಾಮೆರಾ ದೂರದಿಂದ ನೋಡುವುದರಿಂದ ಕೆಲವು ಜಿಗಿತಗಳ ಅಂದಾಜು ಸಿಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಗೇಮ್ ಮುಗಿಯುತ್ತದೆ, ಮುಗಿಯುವುದೂ ಥಟ್ಟನೆ. ನಮ್ಮದು ಎಂಬ ಪ್ರೀತಿಯಲ್ಲಿ ಕುಂದನ್ನು ಮುಚ್ಚಿದರೆ, ಮುಂದಿನ ಸಲ ನಮ್ಮದೇ ಗೇಮೊಂದು ನಿಜಕ್ಕೂ ಅದ್ಭುತವಾಗಿದೆ ಎಂದಾಗ ಯಾರೂ ನಂಬುವುದಿಲ್ಲ.

ಕಥೆ ಒಡೆಯದೆ

ಗೇಮಿನ ಸ್ಪಾಯ್ಲರ್ ಸಿನಿಮಾದ್ದಕ್ಕಿಂತ ಹೆಚ್ಚು ಬಗೆಯದು. ಕೊನೆ ಏನಾಯಿತು ಎಂದು ಹೇಳುವುದು ತಪ್ಪೆಂದು ಎಲ್ಲರಿಗೂ ಗೊತ್ತು. ಆದರೆ ಕೆಲವು ಗೇಮುಗಳಲ್ಲಿ ಕಂಡುಕೊಳ್ಳುವುದೇ ಇಡೀ ಆಟ. ಔಟರ್ ವೈಲ್ಡ್ಸ್‌ನಲ್ಲಿ ನಿಮಗೆ ಹೊಸ ಆಯುಧವಾಗಲಿ ಶಕ್ತಿಯಾಗಲಿ ಸಿಗುತ್ತಾ ಹೋಗುವುದಿಲ್ಲ, ಬೆಳೆಯುವುದು ನಿಮ್ಮ ತಿಳಿವಳಿಕೆ ಮಾತ್ರ. ಇಂಥ ಗ್ರಹಕ್ಕೆ ಹೀಗೆ ಹೋಗಬೇಕು ಎಂದು ಯಾರೋ ಪ್ರೀತಿಯಿಂದ ಹೇಳಿಕೊಟ್ಟರೆ ಗೇಮಿನ ಅಷ್ಟು ಭಾಗ ನಿಮಗೆ ಶಾಶ್ವತವಾಗಿ ಹೋಯಿತು. ಲೂಕಸ್ ಪೋಪ್ ಮಾಡಿದ ರಿಟರ್ನ್ ಆಫ್ ದಿ ಓಬ್ರಾ ಡಿನ್ ಕೂಡ ಹಾಗೆಯೇ. ಹಡಗಿನಲ್ಲಿದ್ದ 60 ಜನರಿಗೆ ಏನಾಯಿತೆಂದು ಪತ್ತೆ ಮಾಡಬೇಕು. ಮೂರು ಮಂದಿಯದ್ದು ಸರಿಯಾದಾಗ ಮಾತ್ರ ಗೇಮ್ ಸರಿ ಎನ್ನುತ್ತದೆ. ಅಲ್ಲಿ ಒಂದು ಹೆಸರು ಬಾಯಿತಪ್ಪಿ ಬಂದರೂ ಎದುರಿನವರ ಒಂದಿಡೀ ರಾತ್ರಿಯ ಸಂತೋಷ ಮಣ್ಣುಪಾಲು.

ಹಾಗಾಗಿ ಮಾತು ಶುರುಮಾಡುವಾಗ “ಎಲ್ಲಿವರೆಗೆ ಬಂದಿದೀಯ?” ಎಂದು ಮೊದಲು ಕೇಳಿ. ನಿಮಗಿಂತ ಹಿಂದಿದ್ದರೆ ಅವರಿರುವ ಜಾಗದ ಆಚೆಗೆ ಒಂದು ಮಾತೂ ಬೇಡ. “ಮುಂದೆ ಒಂದು ಟ್ವಿಸ್ಟ್ ಇದೆ ನೋಡು” ಎನ್ನುವುದೂ ಬೇಡ, ಟ್ವಿಸ್ಟ್ ಇದೆ ಎಂದು ತಿಳಿದವರು ಪ್ರತಿ ದೃಶ್ಯವನ್ನೂ ಅನುಮಾನದಿಂದಲೇ ನೋಡುತ್ತಾರೆ. “ಅವಳ ಮೇಲೆ ಜಾಸ್ತಿ ಪ್ರೀತಿ ಇಟ್ಕೋಬೇಡ” ಎಂದು ನಕ್ಕರಂತೂ ಮುಗಿದೇ ಹೋಯಿತು. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬರುವ ಮುಂಚೆ, 2020ರ ಏಪ್ರಿಲ್‌ನಲ್ಲಿ, ಅದರ ಮುಖ್ಯ ಘಟನೆಗಳ ವಿಡಿಯೋ ಸೋರಿಕೆಯಾಯಿತು. ವರ್ಷಗಟ್ಟಲೆ ಕಾದಿದ್ದವರು ಮೊಬೈಲ್ ತೆರೆದ ಕೂಡಲೇ ಥಂಬ್‌ನೇಲ್‌ನಲ್ಲೇ ಕಥೆ ಕಂಡು ಬೇಸತ್ತರು. ನಿಮ್ಮ ವಾಟ್ಸ್ಯಾಪ್ ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಕೂಡ ಅದೇ ಕೆಲಸ ಮಾಡಬಲ್ಲದು. ಡಿಸ್ಕಾರ್ಡ್‌ನಲ್ಲಿ ಮಾತಿನ ಎರಡೂ ಬದಿಗೆ ಜೋಡಿ ನಿಲುಗೆರೆ ಹಾಕಿದರೆ ಅದು ಮುಚ್ಚಿಕೊಳ್ಳುತ್ತದೆ, ಮುಟ್ಟಿದವರಿಗೆ ಮಾತ್ರ ಕಾಣುತ್ತದೆ. ಟೆಲಿಗ್ರಾಂನಲ್ಲೂ ಅಂಥ ಸೌಲಭ್ಯವಿದೆ. ಬಳಸಿ.

ಗೇಮೇ ಬದಲಾದಾಗ

ಪುಸ್ತಕ ಅಚ್ಚಾದ ಮೇಲೆ ಅದೇ ಪುಸ್ತಕ. ಗೇಮ್ ಹಾಗಲ್ಲ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್ 10ಕ್ಕೆ. ಹಳೆಯ ಕನ್ಸೋಲ್‌ಗಳಲ್ಲಿ ಅದರ ಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ ಕೆಲವೇ ದಿನಗಳಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದಲೇ ಅದನ್ನು ತೆಗೆದುಹಾಕಿತು. ಮರಳಿ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರಿನ 2.0 ಅಪ್‌ಡೇಟ್ ಹೊತ್ತಿಗೆ ಪೊಲೀಸರು ಬೆನ್ನಟ್ಟುವ ರೀತಿಯಿಂದ ಹಿಡಿದು ಪಾತ್ರದ ಶಕ್ತಿಗಳವರೆಗೆ ಬಹಳಷ್ಟು ಹೊಸದಾಗಿತ್ತು. ನೋ ಮ್ಯಾನ್ಸ್ ಸ್ಕೈ ಕೂಡ 2016ರಲ್ಲಿ ಜನರ ಸಿಟ್ಟಿಗೆ ಗುರಿಯಾಗಿ, 2018ರ ನೆಕ್ಸ್ಟ್ ಅಪ್‌ಡೇಟ್‌ನಲ್ಲಿ ಪೂರ್ಣ ಪ್ರಮಾಣದ ಮಲ್ಟಿಪ್ಲೇಯರ್ ಪಡೆದು, ನಿಧಾನವಾಗಿ ಜನರ ಮನಸ್ಸು ಗೆದ್ದಿತು. 2020ರ ಡಿಸೆಂಬರಿನಲ್ಲಿ ಪಿಎಸ್4ನಲ್ಲಿ ಸೈಬರ್‌ಪಂಕ್ ಆಡಿ ಬೈದವರ ಮಾತು ಅವತ್ತಿಗೆ ಸತ್ಯ. ಅದನ್ನೇ ಇವತ್ತು ಹೊಸ ಪಿಸಿ ಇಟ್ಟುಕೊಂಡವರಿಗೆ ಹೇಳಿದರೆ ತಪ್ಪು ಸಲಹೆ. ನಿಮ್ಮ ಅಭಿಪ್ರಾಯಕ್ಕೆ ತಿಂಗಳು, ವರ್ಷ ಅಂಟಿಸಿ. “ನಾನು ಆಡಿದ್ದು ಬಂದ ಹೊಸದರಲ್ಲಿ, ಆಮೇಲೆ ನೋಡಿಲ್ಲ” ಎಂಬ ಸಣ್ಣ ಮಾತು ಸಾಕು.

ಅಂಕ ಕೊಡುವ ಚಟದ ಬಗ್ಗೆಯೂ ಹೇಳಬೇಕು. ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತೂವರೆ. ಗೆಳೆಯರ ನಡುವೆ ಇದರಿಂದ ಏನೂ ತಿಳಿಯುವುದಿಲ್ಲ, ಆದರೆ ಉದ್ಯಮದಲ್ಲಿ ಆ ಅಂಕಿಗೆ ಭಾರವಿದೆ. 2010ರಲ್ಲಿ ಬಂದ ಫಾಲ್‌ಔಟ್: ನ್ಯೂ ವೇಗಸ್ ವಿಮರ್ಶಕರ ಅಂಕ ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ 85 ಗಳಿಸಿದ್ದರೆ ಅದನ್ನು ಮಾಡಿದ ಅಬ್ಸಿಡಿಯನ್ ಸ್ಟುಡಿಯೋಗೆ ಬೋನಸ್ ಸಿಗುತ್ತಿತ್ತು. ಸಿಕ್ಕಿದ್ದು 84. ಗೇಮ್ ಬಿಡುಗಡೆಯಾದ ದಿನವೇ, ಆಡಲು ಸಮಯವೇ ಸಿಗದವರು ಸೊನ್ನೆ ಕೊಟ್ಟು ಸುರಿಮಳೆ ಮಾಡುವುದನ್ನು ಕಂಡ ಮೆಟಾಕ್ರಿಟಿಕ್ 2020ರಲ್ಲಿ ಸಾರ್ವಜನಿಕರ ಅಂಕಗಳಿಗೆ 36 ಗಂಟೆಗಳ ಕಾಯುವಿಕೆ ತಂದಿತು. ಒಡ್ಡೋಲಗ ನೋಡಿ ಎದ್ದು ಬಂದು ಪ್ರಸಂಗ ಚೆನ್ನಾಗಿರಲಿಲ್ಲ ಎಂದು ಊರೆಲ್ಲ ಸಾರುವವರನ್ನು ಬಯಲಾಟದ ರಸಿಕರು ಹೇಗೆ ನೋಡುತ್ತಾರೋ, ಆಡದೆ ಅಂಕ ಕೊಡುವವರನ್ನೂ ಹಾಗೆಯೇ ನೋಡಬೇಕು.

ಮುಗಿಯುವುದೇ ಇಲ್ಲದ ಗೇಮುಗಳು

ನಮ್ಮ ಹಳ್ಳಿ, ಪಟ್ಟಣಗಳಲ್ಲಿ ಗೇಮ್ ಎಂದರೆ ಮೊದಲು ನೆನಪಾಗುವುದು ಬಿಜಿಎಂಐ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದ ಮೇಲೆ 2021ರ ಜುಲೈನಲ್ಲಿ ಬಂದದ್ದು ಇದು. ಇಂಥ ಗೇಮಿಗೆ ಕೊನೆ ಇಲ್ಲ, ಆದ್ದರಿಂದ ಎಲ್ಲರ ಅಭಿಪ್ರಾಯವೂ ನಡುವಿನದ್ದೇ. ಇಲ್ಲಿ ಬೇಕಾದ ವಿವರ ಬೇರೆ: ಯಾವ ಫೋನು, ಎಷ್ಟು ರ್‍ಯಾಮು, ಯಾವ ನೆಟ್‌ವರ್ಕು, ಸಂಜೆ ಏಳರ ಮೇಲೆ ಪಿಂಗ್ ಎಷ್ಟು ಏರುತ್ತದೆ, ಅರ್ಧ ಗಂಟೆ ಆಡಿದರೆ ಫೋನ್ ಎಷ್ಟು ಕಾಯುತ್ತದೆ, ಜೈರೋ ಹಾಕಿ ಆಡುತ್ತೀರೋ ಇಲ್ಲವೋ. ಎಲ್ಲಕ್ಕಿಂತ ಮುಖ್ಯವಾಗಿ, ಯಾರ ಜೊತೆ ಆಡುತ್ತೀರಿ? ಪರಿಚಯದ ನಾಲ್ವರ ಸ್ಕ್ವಾಡಿನಲ್ಲಿ ಎರಾಂಗೆಲ್ ಮ್ಯಾಪಿಗೆ ಇಳಿದು ಹರಟುತ್ತಾ ಆಡುವ ಗೇಮೂ, ಅಪರಿಚಿತರ ಜೊತೆ ಒಬ್ಬರೇ ಇಳಿಯುವ ಗೇಮೂ ಬೇರೆ ಬೇರೆ. ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಮೈಕ್ ಆನ್ ಮಾಡಿದ ಕೂಡಲೇ ಬೈಗುಳವೋ, ಇನ್‌ಸ್ಟಾ ಐಡಿ ಕೇಳುವುದೋ ಶುರುವಾಗುತ್ತದೆ. ತಂಗಿ “ಈ ಗೇಮ್ ಚೆನ್ನಾಗಿಲ್ಲ ಕಣೋ” ಎಂದರೆ ಅವಳು ಆಡುವುದು ಕಲಿತಿಲ್ಲ ಎಂದುಕೊಳ್ಳಬೇಡಿ, ಯಾಕೆ ಎಂದು ಕೇಳಿ. ಆ ಅನುಭವವೂ ಗೇಮಿನದ್ದೇ ಭಾಗ, ಹೇಳಲೇಬೇಕಾದ ಅಭಿಪ್ರಾಯ. ಮ್ಯೂಟ್ ಮಾಡುವುದು ಸುಲಭವೇ, ರಿಪೋರ್ಟ್ ಮಾಡಿದರೆ ಏನಾದರೂ ಆಗುತ್ತದೆಯೇ ಎಂಬುದನ್ನೂ ಸೇರಿಸಿ.

ಸೋತ ಸಿಟ್ಟಿನಲ್ಲಿ ಅಭಿಪ್ರಾಯ ಬರೆಯಬೇಡಿ. ಝೋನ್ ಅಂಚಿನಲ್ಲಿ ಹಿಂದಿನಿಂದ ಯಾರೋ ಹೊಡೆದು ಚಿಕನ್ ಡಿನ್ನರ್ (ಮ್ಯಾಚಿನ ಗೆಲುವು) ತಪ್ಪಿದ ಮರುಕ್ಷಣ ಬರೆದದ್ದು ಆ ಒಂದು ಮ್ಯಾಚಿನ ಬಗ್ಗೆ ಆಗಿರುತ್ತದೆ. ನೀರು ಕುಡಿದು, ಊಟ ಮಾಡಿ, ಆಮೇಲೆ ಬರೆಯಿರಿ.

ಉಚಿತ ಗೇಮುಗಳ ವಿಷಯದಲ್ಲಿ ದುಡ್ಡಿನ ಮಾತು ಮುಚ್ಚಿಡುವಂತಿಲ್ಲ. ಗೆನ್‌ಶಿನ್ ಇಂಪ್ಯಾಕ್ಟ್ ಇಳಿಸಿಕೊಳ್ಳಲು ಕಾಸು ಬೇಡ. ಆದರೆ ಹೊಸ ಪಾತ್ರ ಬೇಕೆಂದರೆ ಲಾಟರಿಯಂತೆ ವಿಶ್ ಹಾಕಬೇಕು. 90 ವಿಶ್ ಒಳಗೆ ಐದು ನಕ್ಷತ್ರದ್ದೊಂದು ಸಿಗುವುದು ಖಚಿತ, ಅದು ನೀವು ಬಯಸಿದ ಪಾತ್ರವೇ ಆಗಿರುತ್ತದೆ ಎಂಬ ಭರವಸೆ ಇಲ್ಲ. ನೀವು ಅದರಲ್ಲಿ ದುಡ್ಡು ಹಾಕಿ ಆಡುತ್ತಿದ್ದರೆ ಎಷ್ಟು ಹಾಕಿದ್ದೀರಿ ಎಂದು ಗೆಳೆಯರಿಗೆ ನೇರವಾಗಿ ಹೇಳಿ. ಪೈಸೆ ಹಾಕದೆ ಆಡುತ್ತಿದ್ದರೆ ಎಲ್ಲಿಯವರೆಗೆ ತಡೆಯಿಲ್ಲದೆ ಬಂತು ಎಂದು ಹೇಳಿ. ಮನೆಯ ಹಿರಿಯರಿಗೆ ಆನ್‌ಲೈನ್ ಗೇಮ್ ಎಂದರೆ ರಮ್ಮಿ, ಬೆಟ್ಟಿಂಗ್ ಎಂಬ ಭಯವಿದೆ. ಹಣ ಕಟ್ಟಿ ಆಡುವ ಅಂಥ ಆಟಗಳನ್ನು 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ನಿಷೇಧಿಸಿದೆ. ನೀವು ಆಡುವುದು ಯಾವ ಬಗೆಯದು ಎಂದು ಅವರಿಗೂ ಬಿಡಿಸಿ ಹೇಳುವುದು ಒಳ್ಳೆಯದು. ವಯಸ್ಸಿನ ಮಾತೂ ಹಾಗೆಯೇ: ಅಕ್ಕ ತನ್ನ ಹತ್ತು ವರ್ಷದ ಮಗನಿಗೆ ಕೊಡಿಸಬೇಕೆಂದು ಜಿಟಿಎ 5 ಹೇಗಿದೆ ಎಂದು ಕೇಳಿದರೆ, ಎಷ್ಟು ಮಜವಾಗಿದೆ ಎಂಬುದನ್ನು ಬದಿಗಿಟ್ಟು ಅದು 18 ದಾಟಿದವರಿಗೆ ಎಂದು ಮೊದಲು ಹೇಳಿ. ಡಬ್ಬಿಯ ಮೇಲೆ, ಸ್ಟೋರ್‌ನ ಪುಟದಲ್ಲಿ ವಯಸ್ಸಿನ ಗುರುತು ಇದ್ದೇ ಇರುತ್ತದೆ.

ಗೇಮ್ ನಿಮಗೆ ಕಂಪನಿಯಿಂದ ಪುಕ್ಕಟೆ ಬಂದಿದ್ದರೆ, ಅಥವಾ ಹೇಳುವುದಕ್ಕೆ ದುಡ್ಡು ಸಿಕ್ಕಿದ್ದರೆ, ಅದು ನಿಮ್ಮ ಮೊದಲ ಸಾಲಿನಲ್ಲೇ ಇರಬೇಕು. ಇನ್‌ಫ್ಲುಯೆನ್ಸರ್‌ಗಳು ಜಾಹೀರಾತನ್ನು ಜಾಹೀರಾತೆಂದೇ ಗುರುತಿಸಬೇಕು ಎಂದು ನಮ್ಮ ಜಾಹೀರಾತು ಮಾನದಂಡ ಮಂಡಳಿ 2021ರಿಂದಲೇ ಹೇಳುತ್ತಿದೆ. ಐನೂರು ಜನ ನೋಡುವ ಸಣ್ಣ ಚಾನೆಲ್‌ಗೂ ಅದೇ ಪ್ರಾಮಾಣಿಕತೆ ಇರಲಿ.

ಬಿಟ್ಟಿದ್ದೂ ಅಭಿಪ್ರಾಯವೇ

ಆಡಿ ಆಡಿ ಬೇಸರ ಬಂದು ಬಿಟ್ಟಿದ್ದರೆ ಹಾಗೆಂದೇ ಹೇಳಿ, ಯಾವ ಜಾಗದಲ್ಲಿ ಬಿಟ್ಟಿರಿ ಎಂಬುದನ್ನೂ ಸೇರಿಸಿ. “ಮೂರನೇ ದ್ವೀಪಕ್ಕೆ ಬಂದೆ, ಮತ್ತೆ ಅದೇ ಕೋಟೆ, ಅದೇ ಕಾವಲುಗಾರರು, ಸಾಕಾಯ್ತು” ಎಂಬುದರಲ್ಲಿ ಎಷ್ಟೊಂದು ಮಾಹಿತಿ ಇದೆ. ದಿನದ ಆಟ ಮುಗಿದ ಮೇಲೆ ಫೋನಿನ ನೋಟ್ಸ್‌ನಲ್ಲಿ ಎರಡು ಮೂರು ಸಾಲು ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ: ಇವತ್ತು ಎಲ್ಲಿದ್ದೆ, ಏನು ಖುಷಿ ಕೊಟ್ಟಿತು, ಎಲ್ಲಿ ರೇಜಿಗೆಯಾಯಿತು. ತಿಂಗಳಾದ ಮೇಲೆ ನಿಮ್ಮ ಮನಸ್ಸು ಬದಲಾಗಿದ್ದರೆ ಹಳೆಯದನ್ನು ಅಳಿಸಬೇಡಿ, ಕೆಳಗೆ ಹೊಸದನ್ನು ಬರೆಯಿರಿ. ಯಾವ ಹಂತದಲ್ಲಿ, ಯಾವುದರಿಂದ ಮನಸ್ಸು ತಿರುಗಿತು ಎಂಬುದು ಓದುವವರಿಗೆ ಬಹಳ ಉಪಯೋಗ. ಸ್ಟೀಮ್‌ನಲ್ಲಿ ಬರೆದರೆ, ಬರೆಯುವ ಹೊತ್ತಿಗೆ ನೀವು ಎಷ್ಟು ಗಂಟೆ ಆಡಿದ್ದಿರಿ ಎಂಬುದು ಜೊತೆಗೇ ಕಾಣುತ್ತದೆ. ಆಮೇಲೆ ತಿದ್ದುವುದಕ್ಕೂ ಅವಕಾಶವಿದೆ.

ಇನ್ನೂ ತಯಾರಾಗುತ್ತಿರುವ, ಅರ್ಲಿ ಆಕ್ಸೆಸ್‌ನಲ್ಲಿರುವ ಗೇಮ್ ಆಡುತ್ತಿದ್ದರೆ ನಿಮ್ಮ ಮಾತು ಅದನ್ನು ಮಾಡುವವರಿಗೂ ತಲುಪಬೇಕು. ಹೇಡೀಸ್ 2018ರ ಡಿಸೆಂಬರಿನಿಂದ 2020ರ ಸೆಪ್ಟೆಂಬರಿನವರೆಗೆ ಹೀಗೆಯೇ ಆಟಗಾರರ ಕೈಯಲ್ಲಿದ್ದುಕೊಂಡೇ ಬೆಳೆಯಿತು. ಪುಣೆ, ಬೆಂಗಳೂರು, ಹೈದರಾಬಾದಿನ ಸಣ್ಣ ತಂಡಗಳಿಗೆ ಎಲ್ಲ ಬಗೆಯ ಫೋನು, ಕಂಪ್ಯೂಟರುಗಳಲ್ಲಿ ಪರೀಕ್ಷಿಸಿ ನೋಡುವಷ್ಟು ಜನಬಲ ಇರುವುದಿಲ್ಲ. ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುವ ದೋಷ ನೀವು ಹೇಳದೆ ಅವರಿಗೆ ತಿಳಿಯುವುದೇ ಇಲ್ಲ. “ಗೇಮ್ ಕ್ರ್ಯಾಶ್ ಆಗ್ತಿದೆ” ಎಂದಷ್ಟೇ ಬರೆದರೆ ಅವರು ಏನೂ ಮಾಡಲಾರರು. ಯಾವ ಲೆವೆಲ್‌ನಲ್ಲಿ, ಏನು ಮಾಡುತ್ತಿದ್ದಾಗ, ಅದನ್ನೇ ಮತ್ತೆ ಮಾಡಿದರೆ ಮತ್ತೆ ಆಗುತ್ತದೆಯೇ, ನಿಮ್ಮ ವಿಂಡೋಸ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು, ಗೇಮಿನ ವರ್ಷನ್ ನಂಬರ್ ಎಷ್ಟು ಎಂದು ಬರೆಯಿರಿ. ವರ್ಷನ್ ನಂಬರ್ ಸಾಮಾನ್ಯವಾಗಿ ಮೇನ್ ಮೆನುವಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಆ ಕ್ಷಣದ ಸಣ್ಣ ವಿಡಿಯೋ ಇದ್ದರೆ ಲಗತ್ತಿಸಿ. ಸೇವ್ ಫೈಲ್ ಕೇಳಿದರೆ ಅದನ್ನೂ ಕಳಿಸಿ, ಕಳಿಸುವ ಮುಂಚೆ ನಿಮಗೊಂದು ಕಾಪಿ ತೆಗೆದಿಟ್ಟುಕೊಳ್ಳಿ.